ಬಾಗಿಲ ಅಂಚಿಗೆ ಕಲಾಯಿ

ಪೆಟ್ಟಿಗೆಯೊಳಗೆ ಇಟ್ಟಿದ್ದ ನನ್ನ ಫೋನಿಗೆ ಸಂಗ್ರಾಮ ರಿಂಗ್ ಕೊಟ್ಟ. ಅದು ಟ್ರಿಣ್ ಎಂದಿತು.

ರಿಂಗ್ ಆಗಲೇಬಾರದಿತ್ತು! ವಿದ್ಯುತ್ಕಾಂತೀಯ ಅಲೆಯ ಹೊಡೆತ ಬಿದ್ದರೂ ಒಳಗಿನ ಯಂತ್ರ ಉಳಿಯಬೇಕು, ಅದಕ್ಕೆಂದೇ ಮಾಡಿಸಿದ ಕವಚ ಅದು. ಫೋನಿನ ಅಲೆಯೇ ಒಳಗೆ ನುಗ್ಗಿದರೆ ಆ ಹೊಡೆತವೂ ನುಗ್ಗುತ್ತದೆ. ಹೊರಗೆ ಉಕ್ಕು, ಒಳಗೆ ತಾಮ್ರ. ಲೋಹ ಆರಿಸಿದವಳು ನಾನು, ನಿಪ್ಪಾಣಿಯ ನೀಲಮ. ಬೆಸೆದವನು ರಾಯಬಾಗದಲ್ಲಿ ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ಸಂಗ್ರಾಮ. ಸಂಜೆ, ಪೆಟ್ಟಿಗೆ ಮಾಡಿಸುತ್ತಿರುವ ನಮ್ಮ ಕಂಪನಿಯ ಅಪ್ಪಾಸಾಬರು ಪರೀಕ್ಷೆಗೆ ಬರುತ್ತಾರೆ. ಫೇಲಾದರೆ ಕೆಲಸ ಪುಣೆಗೆ, ಅದರ ಹಿಂದೆ ನಾನೂ.

"ತಾಮ್ರ ತೆಳು ಆತೇನ್ರಿ?" ಸಂಗ್ರಾಮ ಮೆಲ್ಲಗೆ ಕೇಳಿದ.

ಬಾಗಿಲ ಅಂಚಿಗೆ ಬೆರಳಾಡಿಸಿದೆ. ನುಣ್ಣನೆಯ ಕೆಂಪು ಬಣ್ಣ! "ಇಲ್ಲಿ ಬಣ್ಣ ಹಚ್ಚಿದವರ್ಯಾರು?"

ಅವನು ಕಣ್ಣು ತಗ್ಗಿಸಿದ. "ನಾನ ರೀ. ಬರೀ ಕಬ್ಬಿಣ ಅಂಗಡಿ ಹೊಸ್ತಿಲಾ ದಾಟಬಾರ್ದು ಅಂತ ನಮ್ಮಪ್ಪನ ರಿವಾಜ. ತುಕ್ಕ ಹಿಡಿತೈತಿ. ಮತ್ತ... ನಿಮ್ಮ ಪೆಟಗಿ, ಚಂದ ಕಾಣ್ಲಿ ಅಂತ."

ನನಗೆ ಉರಿದುಹೋಯಿತು. "ಚಂದ ಕಟಗೊಂಡು ಏನ್ ಮಾಡ್ಲಿ? ಲೋಹಕ್ಕ ಲೋಹ ತಾಗಬೇಕು. ನಡುವ ಬಣ್ಣ ಬಂದ್ರ ಆ ಸಂದಿಯಾಗ ಅಲೆ ನುಗ್ಗತೈತಿ. ನನ್ನ ಪುಣೆಗೆ ಅಟ್ಟಾಕ ನಿಂತೀರೇನು?"

ಮಾತು ಬಾಯಿ ಜಾರಿತು. ಅವನ ಮುಖ ಬಾಡಿತು. ಕೂತು ಬಣ್ಣ ಕೆರೆಯತೊಡಗಿದ. ಬೆರಳು ತರಚಿದರೂ ನಿಲ್ಲಿಸಲಿಲ್ಲ. ಅಷ್ಟು ಸಿಟ್ಟಿನಲ್ಲೂ ನಾನು ಆ ಬೆರಳನ್ನೇ ನೋಡುತ್ತಿದ್ದೆ, ನನ್ನ ಕರ್ಮ!

"ಬರೀ ಬಿಟ್ರ ತುಕ್ಕ. ಬಣ್ಣ ಹಚ್ಚಿದ್ರ ನೀವು ಪುಣೆಗೆ. ಏನ್ ಮಾಡೂದ್ರಿ?"

"ತವರ," ಅಂದೆ. "ಅಂಚಿಗೆ ಕಲಾಯಿ ಹಾಕೂಣು. ತುಕ್ಕೂ ಹಿಡಿಯಂಗಿಲ್ಲ, ಲೋಹಕ್ಕ ಲೋಹಾನೂ ತಾಗತೈತಿ."

ಅವ್ವನ ಹಿತ್ತಾಳೆ ಪಾತ್ರೆಗೆ ಹಾಕಿಸುವ ಅದೇ ಕಲಾಯಿ! ಅವನು ಅಂಚು ಕಾಯಿಸಿದ, ನಾನು ಅರಿವೆಯಿಂದ ತವರ ಒರೆಸಿದೆ. ಭುಜಕ್ಕೆ ಭುಜ ತಾಗಿತು. ಇಬ್ಬರೂ ಸರಿಯಲಿಲ್ಲ.

ಅಷ್ಟರಲ್ಲಿ ಅಪ್ಪಾಸಾಬರ ಜೀಪು ಬಂತು. ನನ್ನ ಫೋನ್ ಒಳಗಿಟ್ಟು ಬಾಗಿಲು ಬಿಗಿದೆವು.

"ಹಚ್ಚಪಾ ಫೋನ," ಅಂದರು ಅವರು.

ಸಂಗ್ರಾಮ ನನ್ನ ನಂಬರ್ ಒತ್ತಿ ಫೋನನ್ನು ಕಿವಿಗೆ ಹಿಡಿದ. ಪೆಟ್ಟಿಗೆ ಸುಮ್ಮನಿತ್ತು. ಅಪ್ಪಾಸಾಬರು ತಮ್ಮ ಮೀಟರನ್ನೂ ಹಚ್ಚಿ, ಎರಡು ಸಲ ನೋಡಿ, "ಪಾಸ್. ಕೆಲಸ ಇಲ್ಲೇ ನಡೀಲಿ," ಎಂದು ಹೊರಗೆ ಹೋದರು.

ಸಂಗ್ರಾಮ ಇನ್ನೂ ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದ.

"ಅದು ಹತ್ತಂಗಿಲ್ರಿ," ನಕ್ಕೆ.

"ಹತ್ತಿದ್ರ ಒಂದ ಮಾತ ಹೇಳಾಂವ ಇದ್ದೆ."

"ಎದುರಿಗೇ ಅದೀನಲ್ಲ, ಹೇಳ್ರಿ."

ಅವನು ಫೋನ್ ಕೆಳಗಿಳಿಸಿದ. "ಕೆಲಸ ಮುಗದ ಮ್ಯಾಲೂ ಹೋಗಬ್ಯಾಡ್ರಿ. ನಮ್ಮ ಮನಿಗೇ ಬರ್ರಿ."

ನನ್ನ ಕಣ್ಣು ತುಂಬಿತು.

"ಬರ್ತೀನ್ರಿ," ಅಂದೆ. "ಆ ಮನಿ ಬಾಗಲಕ್ಕ ಬೇಕಾದಷ್ಟ ಬಣ್ಣ ಹಚ್ರಿ."