ಹೆಸರಿಲ್ಲದ ಹಾಳೆ

೧೯೫೭ರ ಜೂನ್ ೧೧, ಮಂಗಳವಾರ. ಬೆಳಿಗ್ಗೆ ಒಂಬತ್ತೂವರೆಗೆ ರಂಭಾಬಾಯಿ ಉಮರ್ಗಾ ಠಾಣೆಗೆ ಬಂದಳು. ಕಿರಾಣಿ ವ್ಯಾಪಾರಿ ಕಲ್ಯಾಣಪ್ಪನ ಹೆಂಡತಿ, ವಯಸ್ಸು ಇಪ್ಪತ್ತೈದು.

"ನಿನ್ನಿ ಯಾರೋ ಒಬ್ಬಾಂವ ಮನಿಗಿ ಬಂದಿದ್ದ್ರಿ. ಹೈದರಾಬಾದ ಪೊಲೀಸ್ ಆ್ಯಕ್ಷನ್ ವರ್ಷ ನಾ ಮನಿಯವರಿಂದ ಅಗಲಿದ್ದು, ಹಡೆದ ಕೂಸು ಸತ್ತಿದ್ದು, ಎಲ್ಲಾ ನಮ್ಮ ಯಜಮಾನರ ಮುಂದ ಹೇಳಿದ. ನಾ ಹೊರಗ ಬಂದ ಕೂಡ್ಲೆ ನನ್ನ ಮಾರಿ ನೋಡಿ ಅತ್ತ, ಹೊಂಟುಹೋದ. ಇವರು ನನ್ನ ಹೊರಗ ಹಾಕ್ಯಾರ."

"ಇದು ಮತ್ತ್ಯಾರಿಗೆ ಗೊತ್ತಿತ್ತು?" ಫೌಜದಾರ ರೇವಣಸಿದ್ಧ ಕೇಳಿದ.

"ಸರ್ವೇಕ್ಕ ಬಂದಿದ್ದ ಬಾಯಿಯವರಿಗಷ್ಟ. ಹೆಸರು ಬರಿಯಂಗಿಲ್ಲ ಅಂದ್ರು, ಹೇಳಿದೆ. ಸಾಹೇಬ್ರ, ನೀವೂ ಅದನ್ನ ಬರೀಬ್ಯಾಡ್ರಿ."

ಎಫ್‌ಐಆರ್‌ನಲ್ಲಿ ಅವನು 'ಖಾಸಗಿ ಸಂಗತಿ' ಎಂದಷ್ಟೇ ಬರೆದ.

ಹನ್ನೊಂದಕ್ಕೆ ಸರ್ವೇ ಮಾಡುವ ಸುಗಂಧಾಳನ್ನು ಕರೆಸಿದ. ಹೆಂಗಸರ ಹೆರಿಗೆ, ಆರೋಗ್ಯದ ಬಗ್ಗೆ ಮನೆಮನೆಗೆ ಹೋಗಿ ಕೇಳಿ ಬರೆಯುವುದು ಅವಳ ಕೆಲಸ.

"ಒಂದು ಹೆಸರೂ ಇಲ್ರಿ. ಓಣಿ, ಮನ್ಯಾಗಿನವರ ವಯಸ್ಸು, ಹುಟ್ಟಿದೂರು, ಆಮ್ಯಾಲ ಅವರು ಹೇಳಿದ್ದು."

"ಹಾಳಿ ಎಲ್ಲಿ ಇಡ್ತೀರಿ?"

"ತಹಸೀಲ ಕಚೇರಿ ಕಪಾಟಿನಾಗ. ಅಲ್ಲಿ ಭದ್ರ ಇರ್ತಾವಂತ."

ಪಂಚರೆದುರು ಕಪಾಟು ತೆರೆಸಿದರು. ಬೀಗ ಮುರಿದಿರಲಿಲ್ಲ. ಒಂದು ಹಾಳೆ ಮಾತ್ರ ಕಡಿಮೆಯಿತ್ತು. ಪಂಚನಾಮೆ ಮುಗಿಯಿತು. ಪಕ್ಕದ ಕಪಾಟಿನಲ್ಲಿ ಚುನಾವಣೆಯ ಮತದಾರರ ಪಟ್ಟಿಯಿತ್ತು. ರೇವಣಸಿದ್ಧ ಸರ್ವೇದ ಯಾವುದೋ ಒಂದು ಹಾಳೆ ಎಳೆದು ಆ ಪಟ್ಟಿಯ ಪಕ್ಕದಲ್ಲಿಟ್ಟ. ಎಪ್ಪತ್ತರ ಅತ್ತೆ, ನಲವತ್ತರ ಗಂಡ, ಮೂವತ್ತೊಂದರ ಹೆಂಡತಿ. ಅಂಥ ಮನೆ ಆ ಓಣಿಯಲ್ಲಿ ಒಂದೇ. ಹತ್ತು ನಿಮಿಷದಲ್ಲಿ ಆ ಹೆಂಗಸಿನ ಹೆಸರು ಸಿಕ್ಕಿತು.

ಸುಗಂಧಾ ಅಲ್ಲೇ ಗೋಡೆಗೆ ಒರಗಿ ಕುಳಿತಳು. "ಎಲ್ಲರಿಗೂ ಮಾತು ಕೊಟ್ಟೀನ್ರಿ ನಾ."



ಎರಡೂ ಕಪಾಟಿನ ಕೀಲಿ ಇದ್ದದ್ದು ಗುಮಾಸ್ತ ವಿಶ್ವನಾಥಪ್ಪನ ಬಳಿ. ಉದಗೀರಿನಿಂದ ವರ್ಗವಾಗಿ ಬಂದು ಎರಡು ತಿಂಗಳಾಗಿತ್ತು. ಪೇದೆ ವೀರಭದ್ರ ಅವನನ್ನು ಠಾಣೆಗೆ ಕರೆತಂದ. ರಂಭಾಬಾಯಿ ಗುರುತಿಸಿದಳು. ಕಾಣೆಯಾದ ಹಾಳೆ ಅವನ ಜೇಬಿನಲ್ಲೇ ಇತ್ತು. ಸಂಜೆ ೪:೨೦ಕ್ಕೆ ಕಳವಿನ ಆರೋಪದ ಮೇಲೆ ದಸ್ತಗಿರಿಯಾಯಿತು.

"ಯಾಕ ತಗೊಂಡಿ?"

"ನನ್ನ ತಂಗಿ ಕುಸುಮಬಾಯಿ ಆ ಗದ್ದಲದಾಗ ಕಳೆದುಹೋದ್ಲ್ರಿ. ಈಗ ಇಪ್ಪತ್ತೈದು ಆಗಿರಬೇಕು. ದೇವಣಿಯಾಗ ಹುಟ್ಟಿದಾಕಿ. ಹಾಳ್ಯಾಗ ಎಲ್ಲಾ ಹೊಂದಿತ್ತು. ಪಟ್ಟ್ಯಾಗ ಹೆಸರು ಬ್ಯಾರೆ ಇತ್ತು, ಮದ್ವ್ಯಾಗ ಬದಲಿಸಿರಬೇಕಂತ ತಿಳ್ಕೊಂಡೆ."

"ಮೊದಲ ಮಾರಿ ನೋಡಬೇಕಿತ್ತಿಲ್ಲೋ?"

"ಯಾಕ ಬಂದಿ ಅಂತ ಆ ಮನಿಯಾಂವ ಕೇಳಿದ. ತಂಗಿ ಸಿಕ್ಕಳು ಅನ್ನೋ ಖುಷ್ಯಾಗ ಎಲ್ಲಾ ಹೇಳಿಬಿಟ್ಟೆ. ಆಮ್ಯಾಲ ಆಕಿ ಹೊರಗ ಬಂದ್ಲು. ನಮ್ಮ ಕುಸುಮ ಅಲ್ಲ."

ಹೆಂಡತಿಯನ್ನು ಕರೆದೊಯ್ಯಲು ಬಾ ಎಂದು ಕಲ್ಯಾಣಪ್ಪನಿಗೆ ಎರಡು ಸಲ ಹೇಳಿಕಳಿಸಿದ್ದರು. ಅಂಗಡಿಯಲ್ಲಿ ಗಿರಾಕಿಗಳಿದ್ದಾರೆ ಎಂಬ ಉತ್ತರ ಬಂದಿತ್ತು.

ಹೇಳಿಕೆಗೆ ಸಹಿ ಹಾಕುವಾಗ ವಿಶ್ವನಾಥಪ್ಪ ತಲೆಯೆತ್ತಿದ. ಒಂಬತ್ತು ವರ್ಷಗಳಿಂದ ಅವನು ಹುಡುಕದ ಊರಿರಲಿಲ್ಲ.

"ಸಾಹೇಬ್ರ, ಆಕಿ ಆ ವರ್ಷ ಎಲ್ಲಿದ್ಲು, ಒಮ್ಮೆ ಕೇಳ್ರಿ. ಇಬ್ರೂ ಒಂದೇ ವರ್ಷ ಕಳೆದಾರ, ಅಲ್ಲಿ ನಮ್ಮ ಕುಸುಮನ್ನ ನೋಡಿರಬೇಕು."

ರಂಭಾಬಾಯಿ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಳು. ರೇವಣಸಿದ್ಧ ಬಾಗಿಲವರೆಗೆ ಹೋದ, ನಿಂತ, ಕೇಳಲಿಲ್ಲ. ಐದೂವರೆಯ ಬಸ್ಸಿಗೆ ಅವಳು ನಿಲಂಗಾದ ಸೋದರತ್ತೆಯ ಮನೆಗೆ ಹೊರಟುಹೋದಳು.