ಅದು ಎಲ್ಲಿರ್ತೋ ಅಲ್ಲೇ ಆನು

"ಹಿಸ್ಟ್ರಿ ಮೇಜರ್ರಾ? ಹತ್ತು ಜನ ಆದರೆ ಕ್ಲಾಸು, ಇಲ್ಲದಿದ್ದರೆ ಇಲ್ಲ. ಈವರೆಗೆ ಒಬ್ಬನೇ ಒಬ್ಬ ಬಂದಿದ್ದಾನೆ ನೋಡಮ್ಮಾ!"

ಶಿರಸಿಯ ಕಾಲೇಜಿನ ಗುಮಾಸ್ತ ವೆಂಕಟ್ರಮಣ ಕಿಟಕಿಯೊಳಗಿಂದ ಹೀಗೆಂದರೂ ಮೇಧಾ ತನ್ನ ಅರ್ಜಿಯನ್ನು ಒಳಗೆ ಚಾಚಿದಳು.

ಹೆಗ್ಗರಣೆಯಿಂದ ಬಸ್ಸು ಬದಲಿಸಿ ಬದಲಿಸಿ ಬಂದಿದ್ದಳು. ಅಪ್ಪಯ್ಯ ಕಡ್ಡಿ ಮುರಿದಂತೆ ಹೇಳಿದ್ದರು. ಶಿರಸಿಯಲ್ಲಿ ಇತಿಹಾಸ ಸಿಕ್ಕರೆ ಸರಿ, ಇಲ್ಲವಾದರೆ ಧಾರವಾಡದ ಮಾವನ ಮನೆಯಲ್ಲಿದ್ದು ಬಿ.ಕಾಂ.! ಮಾವ ಬ್ಯಾಂಕಿನವರು. ಸತ್ತ ರಾಜರನ್ನು ಓದಿ ಯಾರಿಗೆ ಊಟ ಸಿಕ್ಕಿದೆ ಎನ್ನುವುದು ಅವರ ಪ್ರಶ್ನೆ.

"ಎರಡಾತು!"

ಬೆನ್ನ ಹಿಂದಿನಿಂದ ಯಾರೋ ಕೂಗಿದರು. ಬೆಚ್ಚಿ ತಿರುಗಿದರೆ, ಕೆದರಿದ ಕೂದಲಿನ ಹುಡುಗನೊಬ್ಬ ಬಾಯ್ತುಂಬ ನಗುತ್ತಿದ್ದಾನೆ.

"ಆ ಒಬ್ಬನೇ ಒಬ್ಬ ಆನೇಯಾ! ನಂದನ ಹೇಳಿ, ಹುಲಗೋಳದಂವ. ನೀ ಹೆದ್ರಡ. ಉಳಿದವ್ರನ್ನ ಎಳಕಂಡು ಬಪ್ಪನ!"

ಇತಿಹಾಸ ಎಂದರೆ ಹೀಗೆ ಕುಣಿಯುವ ಇನ್ನೊಂದು ಜೀವವನ್ನು ಮೇಧಾ ಕಂಡದ್ದೇ ಆವತ್ತು, ತೊಂಬತ್ತೊಂಬತ್ತರ ಜೂನ್‌ನಲ್ಲಿ.

ಆಮೇಲೆ ಶುರುವಾಯಿತು ನೋಡಿ ಇಬ್ಬರ ಬೇಟೆ! ಪಿಯುಸಿ ಪಾಸಾಗಿ ಎಲ್ಲಿ ಸೇರುವುದೆಂದು ತಿಳಿಯದೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರನ್ನೆಲ್ಲ ಹಿಡಿದು ಒಪ್ಪಿಸಿದರು. ಅವಳು ವಾದ ಮಾಡುವಳು, ಅವನು ನಗಿಸುವನು. ಒಂಬತ್ತು ಹೆಸರಾದವು. ಅಷ್ಟರಲ್ಲಿ ಮೇಧಾಳ ಮನಸ್ಸು ಎಲ್ಲಿಗೆ ಬಂದಿತ್ತೆಂದು ಬೇರೆ ಹೇಳಬೇಕೇ?

ಹತ್ತನೆಯವಳಾಗಿ ಬರಬೇಕಾದವಳು ಯಲ್ಲಾಪುರದ ರಮ್ಯಶ್ರೀ. ಒಳ್ಳೆಯ ಅಂಕ, ಅದಕ್ಕಿಂತ ಒಳ್ಳೆಯ ನಗು! ಧಾರವಾಡಕ್ಕೇ ಹೋಗುತ್ತೇನೆಂದು ಹಟ ಹಿಡಿದಿದ್ದಳು. ಅವಳನ್ನು ಒಪ್ಪಿಸಲು ನಂದನ ಅವಳನ್ನೂ ಅವಳ ಅಕ್ಕನನ್ನೂ ಬನವಾಸಿಗೇ ಕರೆದುಕೊಂಡು ಹೋಗಿಬಂದ.

"ಮೇಧಾ, ನಂದನ ಆ ದೊಡ್ಡ ನಂದಿ ಎದುರು ನಿಂತು ಎಷ್ಟು ಚಂದ ಹೇಳ್ದ ಗೊತ್ತಿದ್ದಾ! ಆನು ಧಾರವಾಡ ಬಿಟ್ಟೆ. ಇಲ್ಲೇ ಸೇರ್ತೆ!" ಎಂದಳು ರಮ್ಯಶ್ರೀ, ಕಣ್ಣರಳಿಸಿ.

"ಹೌದಾ... ಚೊಲೋ ಆತು," ಎಂದಳು ಮೇಧಾ. ಮನಸ್ಸಿನಲ್ಲಿ ಮಾತ್ರ ಬೇರೆಯೇ ಮಾತು.

'ಯನ್ನ ಒಂದು ದಿನ ಬನವಾಸಿಗೆ ಕರದ್ನಿಲ್ಲೆ... ರಮ್ಯಶ್ರೀ ನಗೆ ನೋಡಕ್ಕಿತ್ತು, ಅದಕ್ಕೇಯಾ!'

ಕ್ಲಾಸು ಉಳಿಯಿತೆಂದು ಕುಣಿಯಬೇಕಾದ ಹುಡುಗಿ ಆ ರಾತ್ರಿ ಊಟ ಬಿಟ್ಟಳು. ಹೊಟ್ಟೆಕಿಚ್ಚಿಗೆ ಲೆಕ್ಕಾಚಾರ ಎಲ್ಲಿ ಗೊತ್ತು!

ಮರುದಿನ ಶಿರಸಿ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನೊಳಗೆ ನಂದನ ಕಂಡ. ಧಾರವಾಡದಲ್ಲಿದ್ದ ತನ್ನ ಅಣ್ಣನೊಡನೆ ಫೋನಿನಲ್ಲಿ ಮಾತು. ಬಾಗಿಲು ಅರೆ ತೆರೆದಿತ್ತು.

"ಅಣ್ಣಾ, ಅಲ್ಲಿಯ ಸೀಟು ಬ್ಯಾಡ. ಅದು ಈಗ ಶಿರಸೀಲೇ ಉಳೀತು. ಅದು ಎಲ್ಲಿರ್ತೋ ಅಲ್ಲೇ ಆನು. ಮತ್ತೆಂತ ಕೇಳಡ!"

ಹೊರಗಿದ್ದ ಮೇಧಾಳಿಗೆ ಎಲ್ಲವೂ ಕೇಳಿಸಿತು.

ಈ ಕಡೆಯ ಹವ್ಯಕರ ಮನೆಮಾತು ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ 'ಆನು' ಎಂದರೆ ನಾನು; ಹೆಣ್ಣಿಗೆ 'ಅವಳು' ಎನ್ನುವ ರೂಢಿಯಿಲ್ಲ. ಅಜ್ಜಿಯೂ ಅದು, ತಂಗಿಯೂ ಅದು, ಎಮ್ಮೆಯೂ ಅದು, ಪರೀಕ್ಷೆಯೂ ಅದೇ! ಯಾವ ಅದು ಎಂಬುದನ್ನು ಕೇಳುವವರೇ ತಿಳಿದುಕೊಳ್ಳಬೇಕು.

ಮೇಧಾ ತಿಳಿದುಕೊಂಡಳು. ನಿನ್ನೆ ತಾನೇ ಧಾರವಾಡ ಬಿಟ್ಟು ಶಿರಸಿಯಲ್ಲಿ ಉಳಿದವಳು ಯಾರು? ರಮ್ಯಶ್ರೀ!

ಸೀದಾ ಕಾಲೇಜಿಗೆ ನಡೆದಳು. "ನನ್ನ ಹೆಸರು ತೆಗೆದುಬಿಡಿ."

"ಅಯ್ಯೋ, ಈಗಷ್ಟೇ ಹತ್ತಾಗಿತ್ತಲ್ಲಮ್ಮಾ!" ವೆಂಕಟ್ರಮಣ ಕನ್ನಡಕ ತೆಗೆದ. "ನಾಳೆಯೇ ಕೊನೆ. ನೀವು ಬಿಟ್ಟರೆ ಕ್ಲಾಸೇ ಹೋಯಿತು."

"ಹೋಗಲಿ!"

ಮನೆಗೆ ಬಂದು, "ಕ್ಲಾಸ್ ಇಲ್ಯಡ ಅಪ್ಪಯ್ಯ, ಬಿ.ಕಾಂ. ಮಾಡ್ತೆ," ಎಂದುಬಿಟ್ಟಳು. ಯಾರ ಮೇಲಿನ ಸಿಟ್ಟಿಗೋ ತಾನು ಜೀವದಷ್ಟು ಬಯಸಿದ್ದನ್ನು ತಾನೇ ಕೈಯಾರೆ ಬಿಸಾಡಿದ್ದಳು.

ಬೆಳಿಗ್ಗೆ ಸಿದ್ದಾಪುರದ ಬಸ್‌ಸ್ಟ್ಯಾಂಡು. ಧಾರವಾಡದ ದಾರಿಗೆ ಹುಬ್ಬಳ್ಳಿ ಬಸ್ಸು ನಿಂತಿತ್ತು. ಅಪ್ಪಯ್ಯ ಬಾಳೆಹಣ್ಣು ತರಲು ಹೋಗಿದ್ದರು. ಶಿರಸಿಯಿಂದ ಬಂದ ಬಸ್ಸು ಪೂರ್ತಿ ನಿಲ್ಲುವ ಮೊದಲೇ ನಂದನ ಜಿಗಿದು ಓಡಿಬಂದ.

"ಮೇಧಾ! ನಿಮ್ಮನೆಗೆ ಫೋನ್ ಮಾಡಿ ಆಯಿ ಹತ್ರ ಕೇಳ್ಕಂಡು ಬಂದೆ. ಹೆಸರು ಎಂತಕ್ಕೆ ತೆಗೆಸ್ದೆ? ಯಂಗಳೆಲ್ಲರ ಕ್ಲಾಸು..."

"ಕ್ಲಾಸಾ? ನಿಂಗೆ ಬೇಕಾಗಿದ್ದು ಕ್ಲಾಸಲ್ಲ! 'ಅದು ಎಲ್ಲಿರ್ತೋ ಅಲ್ಲೇ ಆನು' ಹೇಳ್ದೆ ಅಲ್ದಾ ಫೋನಲ್ಲಿ? ಅದು ಅಂದ್ರೆ ರಮ್ಯಶ್ರೀ ಅಲ್ದಾ?"

ನಂದನ ಕಕ್ಕಾಬಿಕ್ಕಿಯಾದ. ಕಿವಿಯವರೆಗೆ ಕೆಂಪಾದ.

"ಅದಾ... ಅದು... ಹಿಸ್ಟ್ರಿ! ಹಿಸ್ಟ್ರಿ ಮೇಜರ್!"

ರಮ್ಯಶ್ರೀ ಅಲ್ಲ! ಮೇಧಾಳಿಗೆ ಹೋದ ಜೀವ ಬಂದಂತಾಯಿತು. ಆದರೆ ಮರುಕ್ಷಣವೇ ಇನ್ನೊಂದು ಉರಿ ಎದ್ದಿತು. ಈಗ ಹೊಟ್ಟೆಕಿಚ್ಚು ಇತಿಹಾಸದ ಮೇಲೆ! ಹಗಲಿರುಳು ಕನಸು ಕಂಡ ವಿಷಯವೇ ಸವತಿಯಾಗಿ ಕಂಡಿತು.

"ಹಂಗಾರೆ ಹೋಗು, ಹಿಸ್ಟ್ರೀನೇ ಮದ್ವೆ ಆಗು!"

ಕಣ್ಣೀರು ಕೆನ್ನೆಗಿಳಿದೇಬಿಟ್ಟಿತು. ಅದನ್ನು ನೋಡಿ ನಂದನನ ಸುಳ್ಳು ಅಲ್ಲೇ ಮುಗಿಯಿತು.

"ಮೇಧಾ... ಧಾರವಾಡದಲ್ಲಿ ಯಂಗೆ ಹಿಸ್ಟ್ರಿ ಸೀಟು ಇತ್ತು. ಅಲ್ಲಿ ಹತ್ತು ಜನರನ್ನ ಹುಡುಕದೇ ಬ್ಯಾಡಾಗಿತ್ತು. ಆದ್ರೂ ಇಲ್ಲಿ ಊರೂರು ತಿರುಗಿದ್ದು ಎಂತಕ್ಕೆ? ಕ್ಲಾಸ್ ಆಗ್ದಿದ್ರೆ ನಿನ್ನ ಬಿ.ಕಾಂ.ಗೆ ಹಾಕ್ತ ಹೇಳಿ! ಅದು ಅಂದ್ರೆ ನೀನು. ಅಣ್ಣಂಗೆ ಹೇಳ್ದಷ್ಟು ಸುಲಭಕ್ಕೆ ನಿಂಗೆ ಹೇಳಲೆ ಬಾಯಿ ಬಂದಿದ್ದಿಲ್ಲೆ."

"ಮತ್ತೆ ಬನವಾಸಿಗೆ ಯನ್ನ ಎಂತಕ್ಕೆ ಕರದ್ದಿಲ್ಲೆ?"

"ನೀ ಎದುರಿದ್ರೆ ಯಂಗೆ ಕದಂಬರ ಹೆಸ್ರೂ ಮರೆತು ಹೋಗ್ತು ಮಾರಾಯ್ತಿ!"

ಅಳುತ್ತಲೇ ನಕ್ಕುಬಿಟ್ಟಳು. ಎರಡು ದಿನದಿಂದ ಒಳಗೆ ಉರಿದದ್ದೆಲ್ಲ ಆ ಒಂದು ನಗುವಿನಲ್ಲಿ ತಣ್ಣಗಾಯಿತು.

"ಯಾರೇ ಕೂಸೆ ಇಂವ?" ಬಾಳೆಹಣ್ಣು ಹಿಡಿದು ಅಪ್ಪಯ್ಯ ಬಂದೇಬಿಟ್ಟರು.

"ಹಿಸ್ಟ್ರಿ ಕ್ಲಾಸಿಂವ ಅಪ್ಪಯ್ಯ." ಮೇಧಾ ಕಣ್ಣೊರೆಸಿಕೊಂಡಳು. "ಈ ಬಸ್ಸು ಹೆಂಗೂ ಶಿರಸಿ ಮೇಲೇ ಹೋಗ್ತು. ಅಲ್ಲೇ ಇಳಿಯನ. ಆನು ಓದದು ಇತಿಹಾಸನೇಯಾ."

"ನಿನ್ನೆ ಕ್ಲಾಸ್ ಇಲ್ಲೆ ಹೇಳಿದ್ದೆ?"

"ನಿನ್ನೆ ಇತ್ತಿಲ್ಲೆ. ಇಂದು ಇದ್ದು!"

ಅಪ್ಪಯ್ಯ ಮಗಳ ಮುಖ ನೋಡಿದರು. ಹುಡುಗನ ಮುಖ ನೋಡಿದರು. ಏನು ಅರ್ಥವಾಯಿತೋ, "ಹತ್ತಿ, ಹತ್ತಿ... ಬಸ್ಸು ಬಿಡ್ತು," ಎಂದು ತಾವೇ ಮೊದಲು ಹತ್ತಿದರು.

ಕಾನಸೂರು ದಾಟುವಾಗ ಅಪ್ಪಯ್ಯ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದರು. ನಂದನ ಅವಳ ಸೀಟಿನ ಕಂಬಿ ಹಿಡಿದು ನಿಂತಿದ್ದ.

"ನಂದನಾ..."

"ಹೂಂ?"

"ಕ್ಲಾಸಲ್ಲಿ ರಮ್ಯಶ್ರೀ ಬಗಲಿಗೆ ಆನೇ ಕೂರ್ತೆ. ನೀ ಅತ್ಲಾಗೆ ಬಪ್ಪಲಾಗ."

"ಹುಡುಗ್ರ ಬೆಂಚೇ ಬೇರೆ ಇರ್ತು ಮಾರಾಯ್ತಿ!"

"ಇರ್ಲಿ. ಆದ್ರೂ..."

"ಆತು, ಬತ್ನಿಲ್ಲೆ," ಎಂದು ನಂದನ ಬಾಗಿ ಪಿಸುಗುಟ್ಟಿದ. "ಈ ಕಾಯ್ದೆ ಡಿಗ್ರಿ ಮುಗಿವವರೆಗಾ?"

ಮೇಧಾ ಕಿಟಕಿಯತ್ತ ಮುಖ ತಿರುಗಿಸಿದಳು. ನಗು ಮುಚ್ಚಿಡಲು ಆಗಲೇ ಇಲ್ಲ.

"ಡಿಗ್ರಿ ಮುಗಿದ ಮೇಲೂ!"