ಅರ್ಧ ಚಳಿಗಾಲ

ವೈಕುಂಠ ಸಮಾರಾಧನೆ ಮುಗಿಸಿ ನೆಂಟರೆಲ್ಲ ಮುಳಬಾಗಿಲಿನ ಬಸ್ಸು ಹತ್ತಿದ ಮರುದಿನ. ಕೋಲಾರದ ಆ ಮನೆಗೆ ಎಂದಿನಂತೆ ಹಾಲು ಬಂತು. ನಲ್ಲಿಯಲ್ಲಿ ನೀರು ಬಂತು. ಆಮೇಲೆ ಫಯಾಜ್ ಬಂದ.

ಮೃದುಲಾಳ ಗಂಡ ವಿದ್ಯಾಧೀಶನ ಜೊತೆ ಒಂದೇ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು.

"ಭಾಭಿ, ನನ್ನ ಮೆಷಿನ್ ಬೇಕು."

ಊರಿನ ಗಾಳಿ ಎಳೆದು, ಅದರ ಹೊಗೆ ದೂಳನ್ನು ಬಿಳಿ ಕಾಗದದ ಮೇಲೆ ಹಿಡಿಯುವ ಯಂತ್ರ. ವಿದ್ಯಾಧೀಶ ಇವನ ಸಂಶೋಧನೆಗೆಂದು ತಂದು ತಾರಸಿಯಲ್ಲಿಟ್ಟಿದ್ದ. ಈ ಚಳಿಗಾಲ ಪೂರ್ತಿ ಅದರ ಪಕ್ಕದಲ್ಲೇ ಮಲಗಿದ! "ಕರೆಂಟ್ ಹೋದ್ರೆ ನಿಂತುಬಿಡತ್ತೆ," ಅನ್ನುತ್ತಿದ್ದ, ಅಷ್ಟೇ. ಕೊನೆಗೆ ಶೀತ ಎದೆಗಿಳಿದು ಹೋಗಿಬಿಟ್ಟ.

"ಕೊಡಲ್ಲ. ನನ್ನ ಗಂಡನ್ನ ತಿಂದ ಮೆಷಿನ್ ಅದು. ಗುಜರಿಗೆ ಹಾಕ್ತೀನಿ!"

"ಹಾಕಿ! ಹೆಂಗೂ ನನ್ನ ಕೆಲಸ ಹಾಳು ಮಾಡೇ ಹೋದ." ಫಯಾಜ್ ದನಿ ಏರಿಸಿದ. "ಬೇಸಿಗೆದು, ಮಳೆಗಾಲದ್ದು ಸರಿಯಾಗಿ ಹಿಡಿದುಕೊಟ್ಟ. ಸೌದೆ ಹೊಗೆಲಿ ಒಂಥರಾ ಸಕ್ಕರೆ ಇರತ್ತೆ, ನಾನು ಅಳೆಯೋದು ಅದನ್ನೇ, ಚಳಿಗಾಲದಲ್ಲೇ ಅದು ಜಾಸ್ತಿ. ಹಗಲೂ ರಾತ್ರಿ ಹಿಡಿಯೋ ಅಂದ್ರೆ ಬರೀ ರಾತ್ರಿದು ಕೊಟ್ಟ! ಅರ್ಧ ಚಳಿಗಾಲ ಇಟ್ಕೊಂಡು ನಾನೇನ್ ಮಾಡ್ಲಿ?"

"ಹಗಲು ಏನಾಗಿತ್ತಂತೆ ಅವರಿಗೆ?"

"ನಿಮ್ಮ ಸಾರಿನಪುಡಿ ಆಗಿತ್ತು!"

ಮೃದುಲಾ ಬೆಚ್ಚಿದಳು. ದೀಪಾವಳಿಯಿಂದ ಅವಳು ಮೆಣಸಿನಕಾಯಿ, ಧನಿಯಾ ಹುರಿದು ಪುಡಿ ಮಾಡಿ ಮಾರುತ್ತಿದ್ದಳು.

"ನಿಮ್ಮ ಬಾಣಲೆ ಹೊಗೆ ಸೀದಾ ಮೆಷಿನ್ ಬಾಯಿಗೇ. ಊರ ಗಾಳಿ ಅಂತ ನಿಮ್ಮ ಒಗ್ಗರಣೆ ಅಳೆಯಕ್ಕಾಗತ್ತಾ? ಜಾಗ ಬದಲಾಯಿಸಿದ್ರೆ ಬೇಸಿಗೆ ಲೆಕ್ಕಕ್ಕೆ ತಾಳೆ ಆಗಲ್ಲ. ಹಗಲು ಹುರಿಯೋದು ನಿಲ್ಲಿಸಕ್ಕೆ ಹೇಳೋ ಅಂತ ಎಷ್ಟು ಬೈದೆ!"

"ಏನಂದ್ರು...?"

"'ಹುರಿಯುವಾಗ ಹಾಡ್ತಾಳೆ ಕಣೋ. ಮದುವೆಯಾಗಿ ಬಂದ ಮೇಲೆ ಈಗ್ಲೇ ಹಾಡಿದ್ದು. ನಾನು ಹೇಳಲ್ಲ,' ಅಂದ. ಹುಚ್ಚ!"

ಮೃದುಲಾ ಬಾಗಿಲು ಹಿಡಿದುಕೊಂಡಳು.

ನನ್ನ ಮೈಯ ಖಾರದ ವಾಸನೆಗೆ ಹೇಸಿ ಮೇಲೆ ಹೋಗ್ತಾರೆ ಅಂದ್ಕೊಂಡಿದ್ದೆನಲ್ಲಾ... ಇರಲಿ ಅಲ್ಲೇ ಅಂತ ತಾರಸಿ ಬಾಗಿಲಿಗೆ ಒಳಗಿಂದ ಚಿಲಕ ಹಾಕ್ತಿದ್ದೆನಲ್ಲಾ! ಒಂದು ದಿನವಾದರೂ ತಟ್ಟಬಾರದಿತ್ತೇ ಅವರು?

ಅಳು ಬರಲಿಲ್ಲ. ಮೆಟ್ಟಿಲು ಹತ್ತಿದಳು. ಯಂತ್ರವನ್ನು ಸೆರಗಿನಿಂದ ಒರೆಸಿ, ಎದೆಗವಚಿಕೊಂಡು ಇಳಿದು ಬಂದಳು.

"ಭಾರ ಇದೆ ಭಾಭಿ, ಕೊಡಿ."

ಅವಳು ಹಿಡಿತ ಬಿಡಲಿಲ್ಲ. "ಅವರೇ ವಾಪಸ್ ಕೊಡ್ಬೇಕಿತ್ತು. ನಂಗೆ ಅವರ ಮೇಲೆ ಇನ್ನೂ ಸಿಟ್ಟಿದೆ, ಫಯಾಜ್."

ಫಯಾಜ್ ಯಂತ್ರದ ಇನ್ನೊಂದು ಬದಿ ಹಿಡಿದುಕೊಂಡ.

"ನಂಗೂ, ಭಾಭಿ."

ಆಗ ಕೊಟ್ಟಳು.